ಸೂರ್ಯನಿಗೆ ಚಾಚಿದ ನಾಲಿಗೆ

ಸೂರ್ಯನಿಗೆ ಕೈಮುಗಿಯುವವರನ್ನು ನೀವು ಕಂಡಿದ್ದೀರಿ. ನಾಲಿಗೆ ಚಾಚುವವರನ್ನು? ಹರಿಯಬ್ಬೆ ಹಳ್ಳಿಯ ನಮ್ಮ ಸೋದರತ್ತೆ ಚಾಚುತ್ತಿದ್ದಳು, ದಿನಾ ಬೆಳಿಗ್ಗೆ, ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕುಳಿತು!

ಅವಳ ನಾಲಿಗೆಯ ತುದಿಯಲ್ಲಿ ಜೋಳದ ಕಾಳಿನಷ್ಟು ಗಂಟು ಎದ್ದು, 'ಸ' ಎಂದರೆ 'ತ' ಎಂದು ಕೇಳುತ್ತಿತ್ತು. ಮಾತಿನಲ್ಲಿ ಸೋಲುವ ಹೆಂಗಸೇ ಅವಳು? 'ಸ' ಇರುವ ಮಾತುಗಳನ್ನೇ ಬಿಟ್ಟಳು. ಸಾರು 'ಅನ್ನದ ಮ್ಯಾಲಿನ ನೀರು' ಆಯಿತು. ಸೊಸೆ 'ನನ್ ಮಗನ ಹೆಂಡ್ತಿ' ಆಗಿ, ಮೂಲೆಯಲ್ಲಿ ಕುಳಿತು ಅತ್ತಳು. ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದ ನನ್ನನ್ನು ಊರಿಗೆಲ್ಲ ಕೇಳುವಂತೆ 'ಬಿಎಸ್ಸೀ' ಎಂದು ಕೂಗುತ್ತಿದ್ದವಳು ಬರೀ 'ಲೇ' ಎನ್ನತೊಡಗಿದಳು. ಕೆಲಸ ಸಿಗದ ಡಿಗ್ರಿಗೆ ಇಷ್ಟೇ ಮರ್ಯಾದೆ ಎಂದುಕೊಂಡೆ.

ಎರಡು ಸಾವಿರದ ಇಸವಿಯ ಆಚೀಚೆ. ಚಿತ್ರದುರ್ಗಕ್ಕೆ ಲೇಸರ್ ಆಗಿನ್ನೂ ಹೊಸದು. ಡಾಕ್ಟರು, "ಅಪಾಯದ ಗಂಟೇನಲ್ಲ, ಲೇಸರ್‌ನಾಗೆ ತೆಗೀಬಹುದು" ಎಂದರು. ಅತ್ತೆಗೆ ಒಂದೇ ಭಯ: ಇರುವ ಮಾತೂ ಹೋದರೆ?

ಓದಿದವನು ನಾನು, ವಿವರಿಸಿದೆ. ಅದೂ ಬೆಳಕೇ, ಸಂತೆಯ ಜನದಂತೆ ಚದುರದೆ ಒಂದೇ ಕಡೆ ಹೋಗುತ್ತದೆ. ಅದರ ಕಾವಿಗೆ ಮಾಂಸದೊಳಗಿನ ನೀರು ಆವಿಯಾಗಿ ಗಂಟು ಹೋಗುತ್ತದೆ. ಸಣ್ಣ ರಕ್ತನಾಳಗಳ ಬಾಯಿ ಅಲ್ಲೇ ಮುಚ್ಚಿಕೊಳ್ಳುವುದರಿಂದ ರಕ್ತವೂ ಕಡಿಮೆ.

"ಅಂದ್ರೆ ಬೆಳಕಿನ ಬರೆ ಅನ್ನು" ಎಂದಳು, ಎತ್ತುಗಳಿಗೆ ಬರೆ ಹಾಕಿದ್ದನ್ನು ಕಂಡವಳು. "ಬೆಳಕೇ ಆದ್ರೆ ದುರ್ಗಕ್ಕೆ ಯಾಕೆ ಹೋಗಾಣ? ನಮ್ಮ ಹಿತ್ಲಾಗೇ ಐತಲ್ಲ."

ಶುರುವಾಯಿತು! ಶೇಂಗಾ ಹೊಲದ ಮೇಲಿಂದ ಎಳೆಬಿಸಿಲು ಮೆಲ್ಲಗೆ ತೇಲಿ ಬಂದು ಅವಳ ನಾಲಿಗೆಯ ಮೇಲೆ ಕೂರುತ್ತಿತ್ತು. ಕಣ್ಣು ಮುಚ್ಚಿದ ಅತ್ತೆ ಯಾವುದೋ ಕನಸಿನೊಳಗೆ ಇದ್ದಂತಿರುತ್ತಿದ್ದಳು. ನೋಡುತ್ತ ನೋಡುತ್ತ, ಗಂಟು ಕರಗುತ್ತಿದೆ ಎಂದು ಈ ಬಿಎಸ್ಸಿಗೂ ಅನ್ನಿಸಿದ್ದುಂಟು.

"ಯಾರನ್ನಮ್ಮ ಅಣಕಿಸ್ತಾ ಕುಂತಿದೀಯ?" ಎಂದರು ದಾರಿಹೋಕರು.

"ಡಾಕ್ಟ್ರಿಗೆ ನಾಲಿಗೆ ಚಾಚ್ಬೇಕಲ್ಲೇನಪ್ಪ? ಮ್ಯಾಲಿರೋ ಇವ್ನೇ ಎಲ್ರಿಗೂ ದೊಡ್ಡ ಡಾಕ್ಟ್ರು."

ನಾಲಿಗೆ ಒಣಗಿತು, ಗಂಟು ಕರಗಲಿಲ್ಲ. ಕೊನೆಗೆ ದುರ್ಗಕ್ಕೇ ಹೋದೆವು. ಗಂಟು ತೆಗೆದ ಡಾಕ್ಟರು, "ಹುಣ್ಣು ಮಾಯೋವರೆಗೂ ಮಾತು ಬೇಡ" ಎಂದರು. ಮನೆ ನಿದ್ದೆಹೋದಂತಾಯಿತು. ಸೊಸೆ ಬೇಕೆಂದೇ ಸಾರಿಗೆ ಉಪ್ಪು ಹಾಕದೆ ಬಿಟ್ಟಳು. ಬೈಗುಳ ಬರಲಿಲ್ಲ. ಅವಳು ಮತ್ತೆ ಅತ್ತಳು.

ಒಂದು ಬೆಳಿಗ್ಗೆ ಅತ್ತೆ ಅದೇ ಕಲ್ಲಿನ ಮೇಲಿದ್ದಳು. ಪಕ್ಕದಲ್ಲಿ ಕುಳಿತೆ. ತುಟಿ ತೆರೆದಳು, ಮುಚ್ಚಿದಳು. ಆಮೇಲೆ ಪ್ರತಿ ಅಕ್ಷರವನ್ನೂ ತಡವಿ ನೋಡುವಂತೆ ಅಂದಳು:

"ಲೇಸರ್‌ನಿಂದ ಲೇಸೇ ಆತು ಕಣೋ, ಬಿಎಸ್ಸಿ."

"ಇಷ್ಟು ದಿನ ಹಂಗೆ ಯಾಕೆ ಕರೀಲಿಲ್ಲ ಅತ್ತೆ?"

"ತೊದಲಿದ್ರೆ ಊರೋರು ನಗ್ತಿದ್ರು. ಅಷ್ಟು ಕಷ್ಟಪಟ್ಟು ಡಿಗ್ರಿ ತಂದಿದ್ದೀಯ, ನನ್ ಬಾಯಾಗೆ ಅದು ಮುಕ್ಕಾಗಬಾರ್ದಲ್ಲೋ."