ಮೂರು ಜಂಪಿನ ಗುಟ್ಟು

ನನ್ನ ಕೆಲಸದಲ್ಲಿ ಅನುಮಾನವೆನ್ನುವುದು ಬೆವರಿನ ಹಾಗೆ, ದಿನಾ ಇದ್ದದ್ದೇ. ನಾನು ಹಿಂದೂಪುರದ ಡ್ರಿಲ್ ಮೇಷ್ಟ್ರು. ಮಕ್ಕಳಿಗೆ ಚಕ್ರದ ಶೂ ಹಾಕಿಸಿ ಸ್ಕೇಟಿಂಗ್ ಕಲಿಸುತ್ತೇನೆ. ಓಟದ ಸ್ಕೇಟಿಂಗ್ ಅಲ್ಲ, ಹಾಡಿಗೆ ತಕ್ಕಂತೆ ಸುತ್ತುವ, ನೆಗೆಯುವ, ಕುಣಿಯುವ ಸ್ಕೇಟಿಂಗ್. ಟಿ.ವಿ.ಯಲ್ಲಿ ಮಂಜಿನ ಮೇಲೆ ಮಾಡುತ್ತಾರಲ್ಲ, ಅದನ್ನೇ ನಾವು ಸಿಮೆಂಟಿನ ಮೇಲೆ ಮಾಡುತ್ತೇವೆ. ಮೊದಲು ಜನ ನನ್ನನ್ನು ಅನುಮಾನಿಸುತ್ತಿದ್ದರು. ಆಮೇಲೆ ನಾನೂ ಕಲಿತುಕೊಂಡೆ.

೧. ನೋಟ್‌ಬುಕ್

ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ಕಲ್ಯಾಣದುರ್ಗಕ್ಕೆ ಹೋಗುತ್ತೇನೆ. ಅಲ್ಲಿ ನನಗೊಬ್ಬಳು ಒಳ್ಳೆಯ ಶಿಷ್ಯೆ ಸಿಕ್ಕಿದ್ದಳು. ಹದಿಮೂರರ ಹುಡುಗಿ. ಜಿಲ್ಲಾ ಆಯ್ಕೆ ಹತ್ತಿರ ಬಂದಿತ್ತು. ರಾಜ್ಯಮಟ್ಟಕ್ಕೆ ಹೋಗುವುದು ಒಬ್ಬಳೇ, ಮತ್ತು ಆ ವಯಸ್ಸಿನ ವಿಭಾಗದಲ್ಲಿ ಇವಳಿಗೆ ಅದೇ ಕೊನೆಯ ವರ್ಷ. ಮೂರು ನಿಮಿಷದ ಒಂದು ಪ್ರೋಗ್ರಾಂ ಕಟ್ಟಬೇಕು. ಅದಕ್ಕೆ ಅವಳಿಗೆ ಯಾವುದು ಚೆನ್ನಾಗಿ ಬರುತ್ತದೆ, ಯಾವುದು ಬರುವುದಿಲ್ಲ ಅಂತ ಬರೆದುಕೊಳ್ಳುತ್ತಾ ಕೂತಿದ್ದೆ. ನಿಂತಲ್ಲೇ ಗಿರಗಿರನೆ ಸುತ್ತುವುದು, ಹಿಂದು ಹಿಂದಕ್ಕೆ ಜಾರುವುದು ಬಹಳ ಚೆನ್ನಾಗಿತ್ತು. ಜಂಪ್ ಮಾಡಿದರೆ ಮಾತ್ರ ಹತ್ತರಲ್ಲಿ ಏಳು ಸಲ ನೆಲಕ್ಕೆ ಬೀಳುತ್ತಿದ್ದಳು.

ಅವಳ ಅಜ್ಜಿ ನೆರಳಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು. ಕೊನೆಗೆ ಎದ್ದು ಬಂದು, "ಏನಪ್ಪ ಬರ್ಕೊಂತಿದ್ದೀಯ ನಮ್ಮುಡುಗೀದು?" ಎಂದಿತು.

"ಏನ್ ಬರ್ತದೆ, ಏನ್ ಬರಲ್ಲ ಅಂತ ಅಜ್ಜಿ."

ಅಜ್ಜಿ ಕಣ್ಣು ಸಣ್ಣದು ಮಾಡಿತು. "ಯಾರ್ಗೆ ತೋರ್ಸಾಕೆ? ಸಂಬಂಧ ಗಿಂಬಂಧ ನೋಡ್ತಿದ್ದೀಯ ಏನು?"

ಇಲ್ಲವೆಂದು ಅರ್ಧ ಗಂಟೆ ಹೇಳಿದೆ. ಅಜ್ಜಿ ಎಲ್ಲಾ ಕೇಳಿಸಿಕೊಂಡು ಹೇಳಿತು: "ಆಯ್ತು, ಅಡುಗೆ ಬರಲ್ಲ ಅಂತಾನೂ ಬರ್ಕೊ. ಆಮೇಲೆ ನಮ್ಮೇಲೆ ಬರಬ್ಯಾಡಿ."

೨. ನಕ್ಷೆ

ಪ್ರೋಗ್ರಾಂ ಅಂದರೆ ಕಾಗದದ ಮೇಲೆ ನಕ್ಷೆ ಬರೆಯಬೇಕು. ಎಲ್ಲಿಂದ ಹೊರಟು, ಎಲ್ಲಿ ತಿರುಗಿ, ಎಲ್ಲಿ ನಿಲ್ಲಬೇಕು ಅಂತ ಬಾಣ, ಸೊನ್ನೆ, ಗೀಟು. ಒಂದು ಭಾನುವಾರ ಬಸ್ಸಿನಲ್ಲೇ ಬರೆಯುತ್ತಿದ್ದೆ. ಸೋಮಂದೇಪಲ್ಲಿಯಲ್ಲಿ ಹತ್ತಿದ ಒಬ್ಬ ರೈತ ಪಕ್ಕದಲ್ಲಿ ಕೂತ. ನನ್ನ ಕಾಗದದತ್ತ ಬಗ್ಗಿ ನೋಡಿ ಮೆಲ್ಲಗೆ ಕೇಳಿದ: "ಸರ್ವೇ ಆಫೀಸೋರಾ ಸಾರ್?"

"ಅಲ್ಲಪ್ಪ."

"ಹೊಸ ರೋಡಾ?"

"ರೋಡಲ್ಲ. ಒಬ್ಬಳು ಹುಡುಗಿ ಇಲ್ಲಿಂದ ಹಿಂದಕ್ಕೆ ಬರ್ತಾಳೆ, ಇಲ್ಲಿ ನಿಂತು ಮೂರು ಸುತ್ತು ಸುತ್ತುತಾಳೆ."

ಆತ ನನ್ನ ಮುಖವನ್ನೇ ನೋಡಿದ. ಇಷ್ಟು ದೊಡ್ಡ ಸುಳ್ಳನ್ನು ಸರ್ಕಾರಿ ನೌಕರನ ಬಾಯಲ್ಲೂ ಅವನು ಕೇಳಿರಲಿಲ್ಲವೆಂದು ಕಾಣುತ್ತದೆ. ಇಳಿಯುವ ಊರು ಬಂದಾಗ ಬಗ್ಗಿ, ದನಿ ಇಳಿಸಿ, ಎರಡೂ ಕೈ ಮುಗಿದ: "ಸಾರ್, ಮೀರು ಪೆದ್ದವಾಳ್ಳು, ದೊಡ್ಡೋರು. ಆ ಹುಡುಗೀನ ಎಲ್ಲಾದ್ರೂ ಸುತ್ತಿಸ್ಕೊಳ್ಳಿ, ನಮ್ಮ ಹೊಲದ ಮೇಲೆ ಮಾತ್ರ ಬ್ಯಾಡ."

೩. ಕಡಲೆಕಾಯಿ ತಿನ್ನುವವರು

ಇಲ್ಲಿಂದ ನನ್ನ ಅನುಮಾನದ ಸರದಿ. ಕಲ್ಯಾಣದುರ್ಗದಲ್ಲೇ ಇನ್ನೊಬ್ಬರು ಕೋಚ್ ಇದ್ದರು. ಅವರ ಶಿಷ್ಯೆಯೂ ಅದೇ ಆಯ್ಕೆಗೆ ನಿಂತಿದ್ದಳು. ಒಂದು ಭಾನುವಾರ ನೋಡಿದರೆ ಈ ಮನುಷ್ಯ ನಮ್ಮ ಮೈದಾನದ ಮೋಟುಗೋಡೆಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದಾರೆ! ಮುಂದಿನ ವಾರವೂ ಹಾಜರು. ಊರಲ್ಲಿ ಕಡಲೆಕಾಯಿ ತಿನ್ನಲು ಬೇರೆ ಗೋಡೆಯೇ ಇರಲಿಲ್ಲವೇ? ನನಗೆ ಮೈಯೆಲ್ಲ ಉರಿಯಿತು.

ಹುಡುಗಿಯ ಸುತ್ತು, ಹಿಂದಕ್ಕೆ ಜಾರುವ ಹಿಂದಡಿ ಎಲ್ಲಾ ಅವರು ನೋಡಿಬಿಟ್ಟರು. ಅದನ್ನು ಮೀರಿಸುವಂಥದ್ದನ್ನು ತಮ್ಮ ಹುಡುಗಿಗೆ ಕಲಿಸುವುದು ಖಂಡಿತ. ಹಾಗಾಗಿ ನಾನು ಉಪಾಯ ಹೂಡಿದೆ. ಒಂದೇ ಹಾಡಿಗೆ ಎರಡು ಪ್ರೋಗ್ರಾಂ. ಸುತ್ತು, ಹಿಂದಡಿ ತುಂಬಿದ್ದು ಬರೀ ಅವರಿಗೆ ತೋರಿಸಲಿಕ್ಕೆ. ಅವರಿಲ್ಲದಾಗ ಮಾಡುವುದು ಮೂರು ಜಂಪಿನ ಅಸಲಿ.

"ಸಾರ್, ಜಂಪಲ್ಲಿ ಬಿದ್ಬುಡ್ತೀನಿ ಸಾರ್," ಎಂದಳು ಹುಡುಗಿ.

"ಬೀಳಲ್ಲ ಕಣಮ್ಮ. ಆ ಸಾರ್ ಕಂಡ್ರೆ ಮಾತ್ರ ಸುತ್ತಿಂದು ಮಾಡು. ಎಲ್ಲೇ ಆಗ್ಲಿ, ಯಾವಾಗ್ಲೇ ಆಗ್ಲಿ."

ನಾನು ಗೋಡೆಗೆ ಬೆನ್ನು ಹಾಕಿ ನಿಲ್ಲುತ್ತಿದ್ದೆ, ನಮಗೆ ಗೊತ್ತಾಗಿದೆಯೆಂದು ಅವರಿಗೆ ಗೊತ್ತಾಗಬಾರದಲ್ಲ. ಹುಡುಗಿಯ ಕಣ್ಣು ಚುರುಕು. "ಬಂದ್ರು ಸಾರ್" ಎಂದು ಪಿಸುಗುಟ್ಟಿ ಸುತ್ತಲು ಶುರುಮಾಡುತ್ತಿದ್ದಳು. ಆಮೇಲಾಮೇಲೆ ಅವರು ಪ್ರತಿ ವಾರವೂ ಬರತೊಡಗಿದರು. ಒಂದೊಂದು ದಿನ ಎರಡೆರಡು ಸಲ.

ಆಯ್ಕೆಯ ದಿನ ಒಂದು ಶಾಲೆಯ ಸಭಾಂಗಣದಲ್ಲಿ ಸ್ಪರ್ಧೆ. ಹಾಡು ಹಾಕುವವನನ್ನೂ ನಂಬದೆ ನಾನೇ ಪರದೆಯ ಹಿಂದೆ ಸೌಂಡ್ ಸಿಸ್ಟಂ ಹತ್ತಿರ ಕೂತೆ. ಹುಡುಗಿ ಕಾಣುವಂತಿರಲಿಲ್ಲ. ಚಕ್ರದ ಸದ್ದಷ್ಟೇ ಕೇಳುತ್ತಿತ್ತು. ಮೊದಲ ಜಂಪಿನ ಜಾಗ ಬಂತು. ದಡ್ ಎನ್ನಬೇಕಿತ್ತು, ಎನ್ನಲಿಲ್ಲ. ಎರಡನೆಯದೂ ಇಲ್ಲ, ಮೂರನೆಯದೂ ಇಲ್ಲ. ಉದ್ದಕ್ಕೂ ಬರೀ ಸರ್ರ್ ಎಂಬ ಸದ್ದು. ಹಾಡು ಮುಗಿದದ್ದೇ ಹೊರಗೋಡಿದೆ.

"ಯಾಕಮ್ಮಾ, ಜಂಪು ಎಲ್ಲಿ?"

ಹುಡುಗಿ ಏದುಸಿರು ಬಿಡುತ್ತಾ ಹೇಳಿದಳು: "ಆ ಸಾರ್ ಬಂದವ್ರೆ ಸಾರ್, ಕೊನೇ ಸಾಲಲ್ಲಿ. ನೀವೇ ಹೇಳಿದ್ರಲ್ಲ, ಎಲ್ಲೇ ಆಗ್ಲಿ ಅಂತ."

ತಲೆ ಮೇಲೆ ಕೈ ಹೊತ್ತು ಕೂತೆ. ಫಲಿತಾಂಶ ಬಂತು. ನಮ್ಮ ಹುಡುಗಿಯೇ ಮೊದಲು! ತೀರ್ಪುಗಾರರೊಬ್ಬರು ನನ್ನ ಕೈ ಹಿಡಿದು, "ಹುಡುಗಿಗೆ ಏನು ಬರುತ್ತೋ ಅದನ್ನಷ್ಟೇ ಆರಿಸಿ ಜೋಡಿಸಿದ್ದೀರಿ ಮೇಷ್ಟ್ರೇ, ಇದು ಅನುಭವ" ಎಂದರು. ಹೌದು ಸ್ವಾಮಿ ಅನುಭವ, ಎಂದು ನಾನೂ ತಲೆಯಾಡಿಸಿದೆ. ನಾಚಿಕೆಯೂ ಆಯಿತು, ಖುಷಿಯೂ ಆಯಿತು.

೪. ಬಸ್‌ಸ್ಟ್ಯಾಂಡಿನಲ್ಲಿ

ಮುಂದಿನ ಭಾನುವಾರ ಬಸ್ಸಿಳಿದರೆ ಎದುರಿಗೇ ಆ ಕೋಚ್. ನಾನು ಗೆದ್ದವನ ಗತ್ತಿನಲ್ಲಿ, "ಏನ್ ಸಾರ್, ಕೊನೇ ಸಾಲಿಂದ ಚೆನ್ನಾಗಿ ಕಾಣ್ತಾ?" ಎಂದೆ.

"ಯಾವ ಸಾಲು ಸಾರ್? ಅವತ್ತು ಗೋರಂಟ್ಲದಾಗೆ ನಮ್ ಬಾಮೈದನ ಮದುವೆ. ನಮ್ಮುಡುಗೀನ ಅವರಪ್ಪನ ಜತೆ ಕಳ್ಸಿದ್ದೆ."

"ಮತ್ತೆ ವಾರ ವಾರ ಗೋಡೆ ಮೇಲೆ?"

"ಎರಡೇ ಸಲ ಕೂತಿದ್ದು ಕಣ್ ಸಾರ್. ನೀವು ತಿಂದ್ಬುಡೋ ಹಂಗೆ ನೋಡಿದ್ರಿ, ಮತ್ತೆ ಆ ಕಡೆ ತಲೆ ಹಾಕ್ಲಿಲ್ಲ."

ನೆಟ್ಟಗೆ ಮೈದಾನಕ್ಕೆ ಬಂದೆ. ಹುಡುಗಿ ಶೂ ಕಟ್ಟಿಕೊಳ್ಳುತ್ತಿದ್ದಳು.

"ಏನಮ್ಮಾ, ಇಷ್ಟು ದಿನ ನನಗೇ ಸುಳ್ಳು ಹೇಳಿದ್ಯಾ?"

ಅವಳು ತಲೆಯನ್ನೂ ಎತ್ತಲಿಲ್ಲ. "ಬಿದ್ಬುಡ್ತೀನಿ ಅಂತ ಮೊದ್ಲು ನಿಜಾನೇ ಹೇಳಿದ್ದೆ ಸಾರ್. ನೀವು ನಂಬ್ಲಿಲ್ಲ."