ಯೀಸ್ಟಪ್ಪನ ಬಣ್ಣಗೇಡು

ಮೂರು ವರ್ಷ ಒದ್ದಾಡಿ ಪಡೆದ ಗೆಲುವಿಗೆ ಬಣ್ಣವೇ ಇರಲಿಲ್ಲ. ತಾಪತ್ರಯ ಶುರುವಾದದ್ದೇ ಅಲ್ಲಿಂದ.

ದ್ರಾಕ್ಷಿ ಸಿಪ್ಪೆಯಲ್ಲಿ ಹೃದಯಕ್ಕೆ ಒಳ್ಳೆಯದೆನ್ನುವ ಒಂದು ಸತ್ವವಿದೆ. ಬ್ರೆಡ್ಡು ಉಬ್ಬಿಸುವ ಯೀಸ್ಟಿನ ಜೀನು ತಿದ್ದಿ, ಆ ಸತ್ವ ತಯಾರಿಸುವ ವಿದ್ಯೆಯನ್ನು ಅದಕ್ಕೆ ಕಲಿಸಿದ ಸಂಶೋಧಕನನ್ನು ಪ್ರಯೋಗಾಲಯದವರೆಲ್ಲ ಯೀಸ್ಟಪ್ಪ ಎನ್ನುತ್ತಿದ್ದರು. "ಆ ಯೀಸ್ಟಿಗೆ ಉಣಿಸೋ ಮುತುವರ್ಜೀಲಿ ಅರ್ಧ ಮಗಳಿಗೆ ತೋರಿಸಿದ್ರೆ ಅವಳು ಗುಂಡುಗುಂಡಾಗಿರ್ತಿದ್ಲು" ಎಂಬುದು ಹೆಂಡತಿಯ ಕುಟುಕು.

ಅಂದು ಅನುದಾನ ಕೊಡುವ ಸಂಸ್ಥೆಯ ಅಧ್ಯಕ್ಷೆ ಬರುವವರಿದ್ದರು. ಅವರು ಒಪ್ಪಿದರೆ ಕೆಲಸ ಉಂಟು, ಇಲ್ಲವಾದರೆ ಗಂಟುಮೂಟೆ.

ಪ್ರಯೋಗಾಲಯದ ನಿರ್ದೇಶಕರು ಯೀಸ್ಟಿದ್ದ ಗಾಜಿನ ಫ್ಲಾಸ್ಕ್ ಎತ್ತಿ ನೋಡಿ ಮುಖ ಹುಳ್ಳಗೆ ಮಾಡಿದರು. "ಏನಯ್ಯಾ ಇದು, ಅಕ್ಕಿ ತೊಳೆದ ನೀರಿದ್ದ ಹಾಗಿದೆ!"

"ಆ ಸತ್ವಕ್ಕೆ ಬಣ್ಣ ಇರಲ್ಲ ಸಾರ್."

"ಅದು ನಿನಗೆ ಗೊತ್ತು. ನೋಡೋರಿಗೆ?"

ಕಚೇರಿಯ ಗುಮಾಸ್ತ ನಡುವೆ ಬಾಯಿ ಹಾಕಿದ. ಕರೆಯದೆ ಬರುವುದರಲ್ಲಿ ಅವನು ನೆಗಡಿಗೆ ಅಣ್ಣ. "ಪಕ್ಕದಲ್ಲಿ ಒಂದು ಫ್ಲಾಸ್ಕ್ ದ್ರಾಕ್ಷಿ ರಸ ಇಡೋಣ ಸಾರ್. ಸುಳ್ಳು ಹೇಳೋದು ಬೇಡ. ಸುಮ್ನೆ ಇರ್ಲಿ, ಅಂದಕ್ಕೆ."

ಯೀಸ್ಟಪ್ಪ "ಬೇಡ" ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಗುಮಾಸ್ತ ಬೀದಿ ಮುಟ್ಟಿದ್ದ. ಸಿಪ್ಪೆ ಸಮೇತ ರಸ ಹಿಂಡಿಸಿ ತಂದೂ ಆಯಿತು.

ಅಧ್ಯಕ್ಷೆ ಬಂದರು. ಯೀಸ್ಟಪ್ಪನ ಫ್ಲಾಸ್ಕ್ ಸಿರಿವಂತರ ಮನೆಗೆ ಬಂದ ಬಡನೆಂಟನಂತೆ ಹಿಂದೆ ಸರಿದು ಕೂತಿತ್ತು. "ಆಹಾ, ಎಂಥ ಬಣ್ಣ!" ಎಂದು ಅವರು ನೇರಳೆ ಫ್ಲಾಸ್ಕನ್ನೇ ಎತ್ತಿಕೊಂಡರು. "ಇದನ್ನ ಪರೀಕ್ಷೆ ಮಾಡಿ."

ನಿರ್ದೇಶಕರಿಗೆ ಕೆಮ್ಮು ಬಂತು. ಗುಮಾಸ್ತ ಚಾವಣಿ ನೋಡಿದ. ಯೀಸ್ಟಪ್ಪನ ಬಾಯಿಂದ ಮಾತು ತಾನಾಗಿ ಹೊರಬಿತ್ತು.

"ಮೇಡಂ, ಅದು ಬರೀ ದ್ರಾಕ್ಷಿ ರಸ. ನಂದು ಹಿಂದೆ ಇರೋ ಆ ಮಂಕು ಬಣ್ಣದ್ದು."

ಅಧ್ಯಕ್ಷೆ ಕನ್ನಡಕ ಇಳಿಸಿ ಅವನನ್ನೇ ದಿಟ್ಟಿಸಿದರು. "ನಿಜ ಹೇಳಿದ್ರಲ್ಲ, ಮೆಚ್ಚಿದೆ! ಎರಡನ್ನೂ ಪರೀಕ್ಷೆ ಮಾಡಿ."

ಒಂದು ಗಂಟೆಯ ಮೇಲೆ ಯಂತ್ರದಿಂದ ಕಾಗದ ಹೊರಬಂತು. ಯೀಸ್ಟು ಮಾಡಿದ್ದು ಅಪ್ಪಟ ಸತ್ವ! ಯೀಸ್ಟಪ್ಪನ ಕಣ್ಣು ತುಂಬಿ ಬಂತು. "ನಾನು ಆಗ್ಲೇ ಹೇಳ್ಲಿಲ್ವಾ!" ಎಂದು ನಿರ್ದೇಶಕರು ಅವನ ಬೆನ್ನು ತಟ್ಟಿದರು.

ಅಧ್ಯಕ್ಷೆ ಇನ್ನೂ ಕೆಳಗಿನ ಸಾಲು ಓದುತ್ತಿದ್ದರು. "ದ್ರಾಕ್ಷಿ ರಸದಲ್ಲಿ ಯೀಸ್ಟಿನದರ ಎರಡರಷ್ಟು ಸತ್ವ ಇದೆ. ರಸ ಮಾಡೋಕೆ ಎಷ್ಟು ಹೊತ್ತು ಹಿಡೀತು?"

"ಹತ್ತು ನಿಮಿಷ, ಮೇಡಂ" ಎಂದ ಗುಮಾಸ್ತ.

"ನಿಮ್ಮದಕ್ಕೆ?"

"ಮೂರು ವರ್ಷ" ಎಂದ ಯೀಸ್ಟಪ್ಪ, ನೆಲ ನೋಡುತ್ತ.

ಮರುವಾರ ಗುಮಾಸ್ತ ಯೋಜನೆಯ ಮುಖ್ಯಸ್ಥನಾದ. ಇಂಥ ಸತ್ಯವಂತರನ್ನು ಕೈಬಿಡಬಾರದೆಂದು ಅಧ್ಯಕ್ಷೆ ಯೀಸ್ಟಪ್ಪನ ಕೆಲಸವನ್ನೂ ಉಳಿಸಿಕೊಟ್ಟರು: ದ್ರಾಕ್ಷಿಯ ಬೀಜ ಬಿಡಿಸುವುದು.