ಸೀಟು ಹಿಡಿದ ಸಂಗಮೇಶ

ಶಿವಕ್ಕನ ಕಾಲಿಗೆ ಏನೂ ಆಗಿರಲಿಲ್ಲ. ತಾಪತ್ರಯ ಶುರುವಾದದ್ದೇ ಅಲ್ಲಿಂದ.

ಎಪ್ಪತ್ತೊಂದರ ವಯಸ್ಸಿನಲ್ಲೂ ಆಕೆ ಡೌನರ್ಸ್ ಗ್ರೋವ್‌ನ ತನ್ನ ಅಳಿಯನ ಬಡಾವಣೆಯನ್ನು ದಿನಕ್ಕೆರಡು ಸುತ್ತು ಹಾಕುತ್ತಿದ್ದಳು. ಆದರೆ ಇಂಗ್ಲಿಷ್ ಬಾರದ ಅತ್ತೆಯನ್ನು ಒಬ್ಬಳನ್ನೇ ವಿಮಾನ ಹತ್ತಿಸುವಾಗ ಟಿಕೆಟ್ಟಿನಲ್ಲಿ ವೀಲ್‌ಚೇರ್ ಬರೆಸುವುದು ಅಮೆರಿಕದ ಕನ್ನಡಿಗ ಅಳಿಯಂದಿರೆಲ್ಲ ಕಲಿತ ವಿದ್ಯೆ. ಕುರ್ಚಿ ನೂಕುವವನು ದಾರಿ ತಪ್ಪುವುದಿಲ್ಲ, ಸೆಕ್ಯುರಿಟಿಯ ಕ್ಯೂ ಇಲ್ಲ, ಮಾತಾಡುವ ಗೊಡವೆಯೂ ಇಲ್ಲ. ಅಳಿಯ ದಾನಪ್ಪ ಅದನ್ನೂ ಬರೆಸಿದ. ಸಾಲದೆಂದು ಒಬ್ಬ ಮನುಷ್ಯನನ್ನೂ ಜೊತೆಗೆ ಹುಡುಕಿದ. ಆ ಮನುಷ್ಯ ಪಕ್ಕದ ಮನೆಯ ಸಂಗಮೇಶ.

"ಬುಧವಾರ ನೀವೂ ಓಹೇರ್ ಏರ್‌ಪೋರ್ಟಿಗೆ ಹೊಂಟೀರಲ್ರಿ? ನಮ್ಮತ್ತಿ ಡಿಮಾಯ್ನ್‌ಗೆ ಹೊಂಟಾರ, ಸಣ್ಣ ಮಗಳು ಶ್ರೀಲತಾನ ಮನಿಗೆ. ನಿಮ್ಮ ಗೇಟಿನ ಬಾಜೂಕ ಅವರ ಗೇಟು. ಹತ್ತಿಸಿಬಿಡ್ರಿ, ಅಷ್ಟ."

"ದಾನಪ್ಪ ಅವರ, ನಂದು ಡೆಟ್ರಾಯಿಟ್‌ನಾಗ ಇಂಟರ್‌ವ್ಯೂ ಐತಿ..."

"ಅದಕ್ಕೇನ್ರಿ! ನಿಮ್ಮ ಫ್ಲೈಟು ಅವರದಕ್ಕಿಂತ ಕಾಲು ತಾಸು ತಡಾ ಐತಿ, ನೋಡೀನಿ ನಾನು."

ಸಂಗಮೇಶ ಇಲ್ಲವೆನ್ನಲಿಲ್ಲ. ಕೆಲಸ ಹೋದವನಿಗೆ ಪುರುಸೊತ್ತು ಬಹಳ ಎಂಬುದು ನೆರೆಹೊರೆಯವರ ನಂಬಿಕೆ. ಕಾರಿನ ಸೀಟು ವಿನ್ಯಾಸ ಮಾಡುವ ಕಂಪನಿ ಅವನನ್ನು ಮನೆಗೆ ಕಳಿಸಿ ಆ ಬುಧವಾರಕ್ಕೆ ಐವತ್ತೇಳು ದಿನ ಆಗಿತ್ತು. ಆ ಐವತ್ತೇಳು ದಿನಗಳಲ್ಲಿ ಅವನು ಪರರ ಮಕ್ಕಳನ್ನು ಈಜು ಕ್ಲಾಸಿಗೆ ಬಿಟ್ಟಿದ್ದ, ಪರರ ಪಾರ್ಸೆಲ್ ವಾಪಸು ಮಾಡಿದ್ದ, ಪರರ ಹುಲ್ಲು ಕೊಯ್ದಿದ್ದ. ವೀಸಾದ ಲೆಕ್ಕದಲ್ಲಿ ಕೆಲಸ ಹೋದವನಿಗೆ ಅರವತ್ತು ದಿನ. ಅಷ್ಟರೊಳಗೆ ಬೇರೆ ಕಂಪನಿ ಅರ್ಜಿ ಹಾಕದಿದ್ದರೆ ಇಲ್ಲಿ ಹದಿನಾಲ್ಕು ವರ್ಷ ಬೇರೂರಿದ ಸಂಸಾರ ಕಟ್ಟಿಕೊಂಡು ದೇಶ ಬಿಡಬೇಕು. ಮಗಳು ಧೃತಿಯ ಹೈಸ್ಕೂಲು ಮುಗಿಯಲು ಇನ್ನೊಂದು ವರ್ಷ ಇತ್ತು. ಹೆಂಡತಿ ಚೇತನಾ ರಾತ್ರಿ ನಿದ್ದೆ ಬಿಟ್ಟಿದ್ದಳು. ಉಳಿದದ್ದು ಮೂರು ದಿನ ಮತ್ತು ಡೆಟ್ರಾಯಿಟ್ ಬಳಿಯ ಆಬರ್ನ್ ಹಿಲ್ಸ್‌ನ ಈ ಒಂದು ಇಂಟರ್‌ವ್ಯೂ.

ಗೇಟಿನ ಮುಂದೆ ಶಿವಕ್ಕನನ್ನು ಕುರ್ಚಿ ಸಮೇತ ನಿಲ್ಲಿಸಿ, ನೂಕಿ ತಂದವನು ಇನ್ನೊಬ್ಬರನ್ನು ತರಲು ಹೋದ. ಅವನ ಬೆನ್ನು ತಿರುಗಿದ್ದೇ ತಡ, ಶಿವಕ್ಕ ಎದ್ದು ಸೆರಗು ಸಿಕ್ಕಿಸಿಕೊಂಡಳು.

"ತಮ್ಮಾ, ನಾ ಬಾತ್ರೂಮಿಗೆ ಹೋಗಿ ಬರ್ತೀನಿ. ನೀ ಇದರಾಗ ಕುಂಡ್ರು."

"ಆಂಟಿ, ನಾ ಬಾಜೂಕ ನಿಂತಿರ್ತೀನಿ ತಗೋರಿ."

"ಏ, ನಿಂತ್ರ ಒಯ್ತಾರ. ಈಗ ಆಕಡೆ ಒಬ್ಬಾಕಿ ಎದ್ದಳು, ಆಕಿ ಕುರ್ಚಿ ಒಯ್ದೇ ಬಿಟ್ರು. ನಮ್ಮೂರ ಬಸ್ಸಿನ್ಯಾಗ ಟವೆಲ್ ಹಾಕಿದ್ರ ಸೀಟು ಉಳೀತಿತ್ತೇನು? ಮನಶ್ಯಾ ಕುಂತ್ರಷ್ಟ ಉಳೀತಿತ್ತು. ಕುಂಡ್ರು."

ಹಿರಿಯರ ಮಾತು. ಸಂಗಮೇಶ ತನ್ನ ಲ್ಯಾಪ್‌ಟಾಪ್ ಚೀಲವನ್ನು ಬೆಂಚಿನ ಕೆಳಗಿಟ್ಟು ಕುಳಿತ. ಶಿವಕ್ಕ ತನ್ನ ಶಾಲನ್ನು ಅವನ ತೊಡೆಯ ಮೇಲೆ ಹಾಸಿ, ಬೋರ್ಡಿಂಗ್ ಪಾಸು ಇಣುಕುತ್ತಿದ್ದ ಕೈಚೀಲವನ್ನು ಅದರ ಮೇಲಿಟ್ಟು, ಬುತ್ತಿಯ ಗಂಟನ್ನಷ್ಟೇ ಕಂಕುಳಲ್ಲಿ ಇರುಕಿಕೊಂಡು ಸರಸರನೆ ನಡೆದು ಹೋದಳು.

ಆಗಲೇ ಫೋನು ಬಂತು. ವೀಸಾ ಲಾಯರು. ಅವಳು ಸಿಗುವುದೇ ಅಪರೂಪ. ಸಂಗಮೇಶ ಒಂದು ಕಿವಿಗೆ ಫೋನು ಒತ್ತಿ, ಇನ್ನೊಂದಕ್ಕೆ ಬೆರಳಿಟ್ಟು, ಕಣ್ಣು ಮುಚ್ಚಿ ಆಲಿಸಿದ. ಇವತ್ತೇ ಕೆಲಸದ ಪತ್ರ ಸಿಕ್ಕರೆ ಅರ್ಜಿ ಹಾಕಬಹುದು, ಕಾಗದ ಎಲ್ಲ ಸಿದ್ಧವಿದೆ ಎಂದಳು. ಆಮೇಲೆ ದನಿ ತಗ್ಗಿಸಿ, ಈ ಮೂರು ದಿನ ಪೊಲೀಸರ, ಅಧಿಕಾರಿಗಳ ಕಣ್ಣಿಗೆ ಯಾವ ಕಾರಣಕ್ಕೂ ಬೀಳಬೇಡ, ಒಂದು ಟ್ರಾಫಿಕ್ ಟಿಕೆಟ್ ಕೂಡ ಬೇಡ ಎಂದಳು. ಸಂಗಮೇಶ ಕಣ್ಣು ಮುಚ್ಚಿದಂತೆಯೇ ಹೂಂಗುಟ್ಟಿದ.

ಹಿಂದಿನಿಂದ ಯಾರೋ ಕುರ್ಚಿಯ ಬ್ರೇಕು ಬಿಡಿಸಿದರು. ಕಣ್ಣು ತೆರೆದರೆ ಎತ್ತರದ ಹೊಸ ಆಳು. "ಡಿ..." ಎಂದೇನೋ ಕೇಳಿದ. ಬೆರಳಿಟ್ಟ ಕಿವಿಗೆ ಅಷ್ಟೇ ತಲುಪಿತು. ಡೆಟ್ರಾಯಿಟ್ ತಾನೇ, ಹೌದು ಎಂದು ಸಂಗಮೇಶ ಹೆಬ್ಬೆರಳೆತ್ತಿದ. ತನ್ನ ಗೇಟಿಗೆ ಬಿಡುತ್ತಾನೇನೋ, ಪುಣ್ಯಾತ್ಮ ಎಂದುಕೊಂಡ. ಲಾಯರು ಯಾವುದೋ ಫಾರಂ ನಂಬರು ಹೇಳುತ್ತಿದ್ದಳು, ಅದು ತಪ್ಪಬಾರದೆಂದು ಮತ್ತೆ ಕಣ್ಣು ಮುಚ್ಚಿದ. ಆಳು ಚೀಲದಿಂದ ಪಾಸು ತೆಗೆದು ಯಂತ್ರಕ್ಕೆ ತೋರಿಸಿದ. ಹಸಿರು ದೀಪ ಹತ್ತಿತು. ಪಾಟೀಲ್ ಶಿವಕ್ಕ ಎಂದು ಅದರಲ್ಲಿತ್ತು. ಅಮೆರಿಕದವರಿಗೆ ಆ ಹೆಸರಿನೊಳಗೆ ಒಬ್ಬ ಅಕ್ಕ ಕುಳಿತಿದ್ದಾಳೆಂದು ಹೇಗೆ ತಿಳಿಯಬೇಕು?

ವಿಮಾನದ ಬಾಗಿಲಲ್ಲಿ ರಟ್ಟೆ ಹಿಡಿದು ಎಬ್ಬಿಸಿದರು, ಸೀಟಿಗೆ ಒಯ್ದು ಕೂಡಿಸಿದರು, ಬೆಲ್ಟನ್ನೂ ಅವರೇ ಹಾಕಿದರು. ಲಾಯರು ಗುಡ್ ಲಕ್ ಹೇಳಿ ಫೋನಿಟ್ಟಳು. ಅಷ್ಟರಲ್ಲಿ ಪೈಲಟ್ಟಿನ ದನಿ ಮೇಲಿನಿಂದ ಸ್ಪಷ್ಟವಾಗಿ ಕೇಳಿಸಿತು. ಡಿಮಾಯ್ನ್‌ನಲ್ಲಿ ಹವೆ ಚೆನ್ನಾಗಿದೆ, ಒಂದು ಗಂಟೆಯ ಹಾರಾಟ.

ಸಂಗಮೇಶ ಬೆಲ್ಟಿಗೆ ಕೈ ಹಾಕಿದ. ಬಾಗಿಲು ಇನ್ನೂ ತೆರೆದೇ ಇತ್ತು. ಒಂದು ಮಾತು ಸಾಕಿತ್ತು. ಬಾಯಿ ತೆರೆದ, ಆದರೆ ಲಾಯರ ಮಾತು ನೆನಪಾಯಿತು. ಪರರ ಹೆಸರು, ಪರರ ಪಾಸು, ಅದೂ ವಿಮಾನದೊಳಗೆ. ತಾನು ಎದ್ದು ಕೂಗಿದರೆ ಎಲ್ಲರನ್ನೂ ಇಳಿಸುತ್ತಾರೆ, ಅಧಿಕಾರಿಗಳು ಬರುತ್ತಾರೆ, ನಿನ್ನ ವೀಸಾ ತೋರಿಸು ಅನ್ನುತ್ತಾರೆ. ಅವನು ಬಾಯಿ ಮುಚ್ಚಿದ. ಗಗನಸಖಿ ಪಟ್ಟಿ ಹಿಡಿದು ಬಂದು, "ಮಿಸ್ ಶಿವಕ್ಕ?" ಎಂದಳು. ಅವನ ಮೀಸೆ ನೋಡಿದಳು, ಮತ್ತೆ ಪಟ್ಟಿ ನೋಡಿದಳು. ಅಂಥದ್ದನ್ನು ಕೇಳುವುದು ಈ ದೇಶದಲ್ಲಿ ಸಭ್ಯತೆಯಲ್ಲ. ಸಂಗಮೇಶ ಹೌದೆಂದು ತಲೆಯಾಡಿಸಿದ. ಬಾಗಿಲು ಮುಚ್ಚಿತು.

ಆ ಒಂದು ಗಂಟೆ ಅವನು ಶಿವಕ್ಕನಾಗಿಯೇ ಇದ್ದ. ಪಕ್ಕದ ಮುದುಕ ಗಗನಸಖಿಯನ್ನು ಕರೆದು, "ಇವರಿಗೆ ನೀರು ಬೇಕೇನೋ ಕೇಳಿ," ಎಂದ. ಅವಳು ಮುದುಕನನ್ನೇ, "ಐಸ್ ಹಾಕಲೇ?" ಎಂದು ಕೇಳಿದಳು. ಇಬ್ಬರೂ ಸೇರಿ ಐಸ್ ಬೇಡವೆಂದು ತೀರ್ಮಾನಿಸಿದರು. ಸಂಗಮೇಶನಿಗೆ ಬೇಕಾದದ್ದು ನೀರಲ್ಲ, ಬಾತ್ರೂಮು. ಆದರೆ ನಡೆಯಲಾರದವಳೆಂದು ಬರೆಸಿಕೊಂಡ ಹೆಂಗಸು ಎದ್ದು ದಡದಡ ಹೇಗೆ ನಡೆದಾಳು? ಹಲ್ಲು ಕಚ್ಚಿ ಕುಳಿತ.

ಡಿಮಾಯ್ನ್‌ನಲ್ಲಿ ಬಾಗಿಲಿಗೇ ವೀಲ್‌ಚೇರ್ ಬಂದು ನಿಂತಿತ್ತು, ಹಿಂದೆ ಗಟ್ಟಿಮುಟ್ಟಾದ ಹುಡುಗಿ. ಬಾತ್ರೂಮಿಗೂ ಅವಳೇ ನೂಕಿ ಕರೆದುಕೊಂಡು ಹೋಗಿ, ಹೊರಗೆ ಕಾದು ನಿಂತಳು. ಬ್ಯಾಗು ಬರುವ ಬೆಲ್ಟಿನ ಹತ್ತಿರ ತಲುಪಿದಾಗ ಸಂಗಮೇಶ ಏಳಹೋದ. ಅವಳು ಭುಜ ಹಿಡಿದು ಕೂಡಿಸಿದಳು. ಮನೆಯವರು ಬಂದು ಸಹಿ ಹಾಕುವವರೆಗೆ ಬಿಡುವಂತಿಲ್ಲವಂತೆ, ರೂಲು. ಹೊರಬಾಗಿಲಲ್ಲಿ ಇಬ್ಬರು ಪೊಲೀಸರು ಕಾಫಿ ಕುಡಿಯುತ್ತ ನಿಂತಿದ್ದರು. ಸಂಗಮೇಶ ಶಾಲನ್ನು ತೊಡೆಯ ಮೇಲೆ ಸರಿಮಾಡಿಕೊಂಡ.

ಫೋನು ಆನ್ ಮಾಡಿದ್ದೇ ದಾನಪ್ಪನ ಕರೆ.

"ಎಲ್ಲಿದ್ದೀರಿ ಮಾರಾಯ್ರ? ನಮ್ಮತ್ತಿ ಎಲ್ಲಿ ಬಿಟ್ಟು ಹೋದ್ರಿ?"

"ಆಂಟಿ ಓಹೇರ್‌ನಾಗ ಅದಾರ್ರಿ. ನಾ ಅವರ ಜಾಗಾದಾಗ ಇಲ್ಲಿ ಬಂದೀನಿ."

"ಜಾಗಾ ಹಿಡಕೊಂಡು ಕುಂಡ್ರಂದ್ರ ಊರಽ ಬಿಟ್ಟು ಹೋಗೋದೇನ್ರಿ? ಹೆಣ್ಮಗಳು ಒಬ್ಬಾಕಿನ ಗೇಟಿನ ಮುಂದ ಬುತ್ತಿ ಬಿಚ್ಚಿ ಕುಂತಾಳ! ಸಂಜಿ ಫ್ಲೈಟಿಗೆ ಹತ್ತಿಸ್ತಾರಂತ. ಶ್ರೀಲತಾಗೂ ಸಂಜೀಕ ಬಾ ಅಂತ ಹೇಳೀನಿ."

"ದಾನಪ್ಪ ಅವರ, ಆಕಿ ಬಂದು ಸಹಿ ಹಾಕಿದ್ರಷ್ಟ ನನ್ನ ಬಿಡ್ತಾರಂತ್ರಿ."

"ನಿಮ್ಮನ್ಯಾಕ ಹಿಡದಾರ?"

ಸಂಗಮೇಶ ಫೋನಿಟ್ಟು ಗಡಿಯಾರ ನೋಡಿದ. ಡೆಟ್ರಾಯಿಟ್ ವಿಮಾನ ಅವನಿಲ್ಲದೆ ಹೋಗಿಯಾಗಿತ್ತು. ಮುಂದಿನದು ಹಿಡಿದರೂ ಮುಟ್ಟುವುದು ಸಂಜೆಗೆ. ಆಬರ್ನ್ ಹಿಲ್ಸ್‌ನ ಮ್ಯಾನೇಜರ್ ಜಯಸಿಂಹ ಅವರಿಗೆ ಮೆಸೇಜು ಹಾಕಿದ. ಫ್ಲೈಟಿನ ತೊಂದರೆ, ಬೇರೆ ಊರಿನಲ್ಲಿ ಸಿಕ್ಕಿಕೊಂಡಿದ್ದೇನೆ. ಮೈಸೂರಿನವರು, ಮೃದು ಮನುಷ್ಯ, ತಕ್ಷಣ ಉತ್ತರಿಸಿದರು. ಹಾಗಾದರೆ ವಿಡಿಯೋದಲ್ಲಿ ಬನ್ನಿ, ಆದರೆ ಈಗಲೇ, ಮಧ್ಯಾಹ್ನದ ಮೇಲೆ ಉಳಿದವರು ಸಿಗುವುದಿಲ್ಲ.

ಹಾಗೆ ಬ್ಯಾಗಿನ ಬೆಲ್ಟಿನ ಪಕ್ಕದಲ್ಲಿ, ತೊಡೆಯ ಮೇಲೆ ಶಾಲು, ಬೆನ್ನ ಹಿಂದೆ ಎರಡೂ ಹಿಡಿ ಹಿಡಿದು ನಿಂತ ಹುಡುಗಿಯೊಡನೆ ಸಂಗಮೇಶ ಇಂಟರ್‌ವ್ಯೂಗೆ ಕುಳಿತ. ಪರದೆಯಲ್ಲಿ ಜಯಸಿಂಹ, ಆಚೀಚೆ ಇಬ್ಬರು ಬಿಳಿಯರು. ಮೂವರ ಕಣ್ಣೂ ವೀಲ್‌ಚೇರಿನ ಹಿಡಿಗಳ ಮೇಲೆ ಬಿದ್ದವು. ಆಮೇಲೆ ಮೂವರ ಮುಖವೂ ಮೆತ್ತಗಾಯಿತು. ಐವತ್ತೇಳು ದಿನದಲ್ಲಿ ಯಾರೂ ಅವನನ್ನು ಹಾಗೆ ನೋಡಿರಲಿಲ್ಲ.

ಎಡಗಡೆಯವನು ಕೇಳಿದ. ಈಗಿನ ಸೀಟುಗಳಲ್ಲಿ ನಿಮಗೆ ಕಾಣುವ ತಪ್ಪು ಏನು?

ಈ ಪ್ರಶ್ನೆಗೆ ಅವನು ಹದಿನೆಂಟು ಸ್ಲೈಡು ಮಾಡಿದ್ದ. ಅವು ಲ್ಯಾಪ್‌ಟಾಪಿನಲ್ಲಿದ್ದವು, ಲ್ಯಾಪ್‌ಟಾಪು ಓಹೇರ್‌ನ ಬೆಂಚಿನ ಕೆಳಗಿತ್ತು. ಬೇರೆ ದಾರಿಯಿಲ್ಲದೆ ಬಾಯಿಗೆ ಬಂದದ್ದನ್ನು ಹೇಳಿದ. "ಮೊದಲ ತಪ್ಪು, ಕುಳಿತವನನ್ನು ಕೇಳದೆ ಮಾಡಿರುತ್ತಾರೆ. ಕುಳಿತವನನ್ನು ಎಲ್ಲಿಗೆ ಹೋಗಬೇಕೆಂದು ಯಾರೂ ನಿಂತು ಕೇಳುವುದಿಲ್ಲ, ನೂಕುತ್ತಾರೆ. ನೀರು ಬೇಕೇ ಎಂದು ಪಕ್ಕದವನನ್ನು ಕೇಳುತ್ತಾರೆ. ಕೂತಲ್ಲಿಂದ ನೋಡಿದರೆ ಎಲ್ಲರ ಸೊಂಟ ಕಾಣುತ್ತದೆ, ಮುಖ ಕಾಣುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಾನು ಮನುಷ್ಯನೋ ಸಾಮಾನೋ ಎಂದು ಅವನಿಗೇ ಅನುಮಾನ ಬರುತ್ತದೆ." ಅವನ ದನಿ ಒಡೆಯಿತು. ಅದು ಬೆಳಗಿನ ಕುರ್ಚಿಯ ಮಾತೋ, ಐವತ್ತೇಳು ದಿನದ ಮಾತೋ, ಅವನಿಗೇ ಗೊತ್ತಾಗಲಿಲ್ಲ. ಬಲಗಡೆಯ ಹೆಂಗಸು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

ಅರ್ಧ ಗಂಟೆಯಲ್ಲಿ ಜಯಸಿಂಹರ ಫೋನು ಬಂತು.

"ಸಂಗಮೇಶ್ ಅವರೇ, ಕಂಗ್ರಾಜುಲೇಷನ್ಸ್. ಮೂರೂ ಜನ ಒಪ್ಪಿದೀವಿ. ಲೆಟರ್ ಇವತ್ತೇ ಕಳಿಸ್ತೀವಿ, ನಿಮ್ಮ ಲಾಯರ್‌ಗೂ ಕಾಪಿ ಹೋಗತ್ತೆ."

ಸಂಗಮೇಶ ಫೋನನ್ನು ಎರಡೂ ಕೈಯಲ್ಲಿ ಹಿಡಿದ. "ಸರ್... ಭಾಳ ಉಪಕಾರ ಆತ್ರಿ ಸರ್."

"ಉಪಕಾರ ಏನೂ ಇಲ್ಲಾರೀ. ನಮ್ಮ ಹೊಸ ವ್ಯಾನು ವೀಲ್‌ಚೇರಿನವರಿಗೋಸ್ಕರ ಅಂತಲೇ ಮಾಡ್ತಿರೋದು. ಹನ್ನೊಂದು ಜನ ಇಂಜಿನಿಯರ್ಸ್ ಇದಾರೆ, ಒಬ್ಬರೂ ಒಂದು ದಿನ ಅದರಲ್ಲಿ ಕೂತವರಲ್ಲ. ನಿಮ್ಮಂಥವರು ಸಿಗೋದು ನಮ್ಮ ಪುಣ್ಯ."

ಸಂಗಮೇಶ ತನ್ನ ಕಾಲುಗಳನ್ನು ನೋಡಿಕೊಂಡ. "ಸರ್, ಒಂದು ಮಾತು ಹೇಳಬೇಕ್ರಿ. ನನ್ನ ಕಾಲು..."

"ಹೇಳ್ಬೇಡಿ! ದಯವಿಟ್ಟು ಹೇಳ್ಬೇಡಿ," ಎಂದರು ಜಯಸಿಂಹ ಗಾಬರಿಯಾಗಿ. "ಅದನ್ನ ನಾವು ಕೇಳೋ ಹಾಗೇ ಇಲ್ಲ. ಎಚ್‌ಆರ್‌ನವರು ನನ್ನ ಬಿಡಲ್ಲ. ಹೇಗಾಯ್ತು, ಯಾವಾಗಾಯ್ತು, ಒಂದೂ ಬೇಡ."

"ಹಂಗಲ್ರಿ ಸರ್, ನಾ..."

"ಸಂಕೋಚ ಬಿಡಿ. ನಿಮಗೆ ಅಂತ ಬಾಗಿಲ ಹತ್ರಾನೇ ಪಾರ್ಕಿಂಗ್ ಹೇಳಿದೀನಿ. ನನ್ನ ಹೆಂಡತಿ ಪದ್ಮಜಾ ಆಗಲೇ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ಮೆಟ್ಟಿಲಿಲ್ಲದ ಮನೆ ಹುಡುಕ್ತಾ ಇದಾಳೆ. ನಮ್ಮ ಕನ್ನಡದವರ ಗ್ರೂಪಿಗೂ ಹಾಕಿದಾಳೆ, ಸಾಮಾನು ಇಳಿಸೋಕೆ ನಲವತ್ತು ಜನ ಬರ್ತಾರಂತೆ, ನೀವು ಏನೂ ಮುಟ್ಟೋ ಹಾಗಿಲ್ಲ. ಸೋಮವಾರ ಬಾಗಿಲಲ್ಲಿ ನಾನೇ ನಿಂತಿರ್ತೀನಿ."

ಫೋನು ಇಟ್ಟರು. ಸಂಗಮೇಶ ಬಹಳ ಹೊತ್ತು ಬೆಲ್ಟಿನ ಮೇಲೆ ಯಾರೂ ಎತ್ತಿಕೊಳ್ಳದೆ ಸುತ್ತುತ್ತಿದ್ದ ಒಂದು ಪೆಟ್ಟಿಗೆಯನ್ನು ನೋಡಿದ. ನಿಜ ಹೇಳಿದರೆ ಮೂರು ದಿನದಲ್ಲಿ ದೇಶ ಬಿಡಬೇಕು. ಹೇಳದಿದ್ದರೆ ಇಡೀ ಡೆಟ್ರಾಯಿಟ್‌ನ ಕನ್ನಡಿಗರ ಕಣ್ಣೆದುರು ಕುಳಿತೇ ಇರಬೇಕು, ಹಬ್ಬಕ್ಕೆ, ಪಿಕ್ನಿಕ್ಕಿಗೆ, ಮಗಳ ಮದುವೆಗೆ. ಹಿಂದೆ ನಿಂತ ಹುಡುಗಿ ಗಡಿಯಾರ ನೋಡಿ ನಿಟ್ಟುಸಿರಿಟ್ಟು, ತನ್ನ ಪಾಳಿ ಮುಗಿಯಿತು, ಸಹಿ ನೀವೇ ಹಾಕಿಬಿಡಿ ಎಂದು ಕಾಗದ ಮುಂದಿಟ್ಟಳು. ಅವನು ಹಾಕಿದ. ಇನ್ನು ನೀವು ಹೋಗಬಹುದು ಎಂದು ಅವಳು ಹೋದಳು. ಅವನು ಹಾಗೇ ಕುಳಿತಿದ್ದ.

ಚೇತನಾಳ ಫೋನು ಬಂತು.

"ಏನಾತ್ರೀ? ಬೆಳಗಿಂದ ಜೀವ ಕೈಯಾಗ ಹಿಡಕೊಂಡು ಕುಂತೀನಿ."

"ಸಿಕ್ತು."

ಆ ಕಡೆ ಅಳು, ನಗು ಒಟ್ಟಿಗೇ ಒತ್ತರಿಸಿ ಬಂತು. ಹಿಂದಿನಿಂದ ಧೃತಿ, "ಮಾಮ್, ವಿ ಆರ್ ಸ್ಟೇಯಿಂಗ್?" ಎಂದು ಕಿರುಚುತ್ತಿದ್ದಳು. ಚೇತನಾ ಮೂಗು ಒರೆಸಿಕೊಂಡು, "ಲಗೂನ ಬರ್ರಿ. ಓಹೇರ್‌ಗೆ ನಾನ ಬರ್ತೀನಿ ಕರಕೊಂಡು ಹೋಗಾಕ," ಎಂದಳು.

"ಬಾ. ಬರೋವಾಗ ದಾರ್ಯಾಗ ಫಾರ್ಮಸಿಯೊಳಗ ಒಂದು ವೀಲ್‌ಚೇರ್ ತಗೊಂಡು ಬಾ."

ಆ ಕಡೆ ನಗು ನಿಂತಿತು.

"ಯಾರಿಗೇನಾತ್ರೀ?"

"ನನಗ," ಎಂದ ಸಂಗಮೇಶ, "ಕೆಲಸ ಆತು."